ಗುಡಿಸು ಬಿಡಿ, ಎತ್ವ ಬರೆಯಿರಿ

ಮೂರನೇ ತರಗತಿಗೆ ಪಾಠ ಹೇಳುವವರು ನಗುವನ್ನು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ. ಹತ್ತು ಗಂಟೆಗೆ ಹಾಜರಿ ತೆಗೆದು ಸೀಮೆಸುಣ್ಣ ಕೈಗೆತ್ತಿಕೊಂಡರೆ ಸಾಕು, ಸಂಜೆಯ ಗಂಟೆ ಹೊಡೆಯುವುದರೊಳಗೆ ಏನಾದರೊಂದು ಆಗಿಯೇ ಇರುತ್ತದೆ. ಮಕ್ಕಳಿಂದ ಆಯಿತು ಎಂದು ನಾವು ಹೊರಗೆ ಹೇಳಿಕೊಳ್ಳುತ್ತೇವೆ. ಮುಕ್ಕಾಲು ಪಾಲು ನಮ್ಮಿಂದಲೇ ಆಗಿರುತ್ತದೆ.

ನಾನು ಕುಷ್ಟಗಿ ಕಡೆಯವಳು. ಗಂಗಾವತಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕದ ಒಂದು ಊರಿನ ಸರ್ಕಾರಿ ಶಾಲೆಗೆ ವರ್ಗವಾಗಿ ಬಂದೆ. ಮೂರನೇ ತರಗತಿ ನನ್ನದಾಯಿತು, ಇಪ್ಪತ್ತಾರು ಮಕ್ಕಳು. ನನಗೊಂದು ಚಾಳಿ ಇದೆ. ಹುರುಪು ಬಂದರೆ ನಾಲಿಗೆ ಮುಂದೆ ಓಡುತ್ತದೆ, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ. ಆ ವರ್ಷ ನಡೆದದ್ದಕ್ಕೆಲ್ಲ ಈ ಚಾಳಿಯೇ ಮೂಲ.

ಮಾತಾಡಿದವರ ಪಟ್ಟಿ

ತರಗತಿ ಗದ್ದಲ ಮಾಡಬಾರದೆಂದರೆ ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುವವರನ್ನೇ ಮಾನೀಟರ್ ಮಾಡಬೇಕು ಎಂಬುದು ನನ್ನ ಹಳೆಯ ಉಪಾಯ. ಹಾಗಾಗಿ ಬಿಸಿಯೂಟ ಮಾಡುವ ಅಕ್ಕನ ಮಗಳನ್ನು ಮಾನೀಟರ್ ಮಾಡಿದೆ. ಅವಳು ಪಿಸುಗುಟ್ಟಿದರೂ ಕಾಲುವೆಯ ಆಚೆ ದಂಡೆಗೆ ಕೇಳಿಸುತ್ತಿತ್ತು.

ಒಂದು ದಿನ ಮುಖ್ಯೋಪಾಧ್ಯಾಯರು ನನ್ನನ್ನು ಆಫೀಸಿಗೆ ಕರೆದರು. ನಾನು ಮಾನೀಟರ್ ಕೈಗೆ ಸೀಮೆಸುಣ್ಣ ಕೊಟ್ಟು, "ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆ" ಎಂದು ಹೇಳಿ ಹೋದೆ.

ಆಫೀಸಿನಲ್ಲಿ ನನಗೆ ತಲೆ ಕೆಟ್ಟುಹೋಯಿತು. ನನ್ನ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಶಾಲೆಯ ಎದುರಿಗೆ ಗಾದಿ ಹೊಲಿಯುವ ಅಂಗಡಿಯವರ ಮಗಳು. ಒಂದನೇ ತರಗತಿಯಿಂದಲೂ ಶಾಲೆಯಲ್ಲಿ ಒಂದಕ್ಷರ ಮಾತಾಡಿರಲಿಲ್ಲ. ಹಾಜರಿಗೂ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮಾತು ಬಾರದ ಮಕ್ಕಳ ಪಟ್ಟಿಯನ್ನು ತಾಲೂಕು ಕಚೇರಿಗೆ ಕಳಿಸಬೇಕಾಗಿತ್ತು. ಮುಖ್ಯೋಪಾಧ್ಯಾಯರು ಅದರಲ್ಲಿ ಅವಳ ಹೆಸರು ಬರೆದು ಕೂತಿದ್ದರು.

"ಸರ್, ಆಕೆಗೆ ಮಾತು ಬರುತ್ತದೆ" ಎಂದೆ. "ಅವರ ತಾಯಿಯನ್ನೇ ಕೇಳಿದ್ದೇನೆ. ಮನೆಯಲ್ಲಿ ಒಂದು ನಿಮಿಷ ಬಾಯಿ ಮುಚ್ಚುವುದಿಲ್ಲವಂತೆ."

"ಮನ್ಯಾಗ ಮಾತಾಡಿದ್ರ ನನಗೇನ್ ಗೊತ್ತಾಗತೈತ್ರಿ ಮೇಡಂ? ಸಾಲ್ಯಾಗ ಮಾತಾಡಬೇಕು."

ಅವಳು ಸುಮ್ಮನಾದ ಕಾರಣವೂ ನನಗೆ ಗೊತ್ತಿತ್ತು. ಮನೆಯಲ್ಲಿ ಅವರು ಆಡುವುದು ದಖನಿ ಉರ್ದು. ಒಂದನೇ ತರಗತಿಯ ಮೊದಲ ವಾರ ಬೆಕ್ಕಿನ ಚಿತ್ರ ತೋರಿಸಿದಾಗ ಅವಳು ಜೋರಾಗಿ "ಬಿಲ್ಲಿ" ಅಂದಿದ್ದಳಂತೆ. ಇಡೀ ತರಗತಿ ನಕ್ಕಿತಂತೆ. ಅಷ್ಟೇ, ಅವತ್ತು ಮುಚ್ಚಿದ ಬಾಯಿ.

"ತಾಲೂಕಿನ ಶಿಕ್ಷಣಾಧಿಕಾರಿ ಸಾಹೇಬರು ತಪಾಸಣೆಗೆ ಬರುವವರೆಗೆ ಆ ಪಟ್ಟಿ ಕಳಿಸಬೇಡಿ. ಅಷ್ಟರಲ್ಲಿ ನನ್ನ ಇಪ್ಪತ್ತಾರು ಮಕ್ಕಳೂ ಜೋರಾಗಿ ಓದುತ್ತಾರೆ" ಎಂದುಬಿಟ್ಟೆ. ನಾಲಿಗೆ ಮುಂದೆ ಓಡಿಯಾಗಿತ್ತು.

"ಇಪ್ಪತ್ತೈದು ಅನ್ರಿ ಮೇಡಂ."

"ಇಪ್ಪತ್ತಾರು ಸರ್!"

"ಆತ್ ಬಿಡ್ರಿ. ಸಾಹೇಬ್ರು ಬರೂ ಮಟ ಪಟ್ಟಿ ನನ್ನ ಕಪಾಟಿನ್ಯಾಗ ಇರತೈತಿ. ಅವರ ಮುಂದ ಆಕಿ ಬಾಯಿ ಬಿಡಲಿಲ್ಲಂದ್ರ ಅವತ್ತೇ ಕೊಟ್ಟು ಕಳಸ್ತೀನಿ."

ಸಿಟ್ಟಿನಿಂದ ತರಗತಿಗೆ ಬಂದೆ. ಬೋರ್ಡಿನ ಮೇಲೆ ಚೆಂದಾಗಿ ಗೆರೆ ಎಳೆದು ಎರಡು ಭಾಗ ಮಾಡಿದ್ದಳು ಮಾನೀಟರ್. "ಮಾತಾಡಿದವರು: ಎಲ್ಲಾರು. ಮಾತಾಡದವರು:" ಎಂದು ಬರೆದು ಅಲ್ಲಿ ಗಾದಿ ಅಂಗಡಿಯ ಹುಡುಗಿಯ ಹೆಸರೊಂದೇ. ಮಾತಾಡಿದವರ ಭಾಗದಲ್ಲಿ 'ಎಲ್ಲಾರು' ಕೆಳಗೆ ಇನ್ನೂ ಒಂದು ಸಾಲಿತ್ತು. "ಅಕ್ಕೋರು ಮತ್ತು ದೊಡ್ಡ ಸರ್."

"ಇದೇನೇ?" ಎಂದು ಕೇಳಿದೆ.

"ನೀವಿಬ್ಬರೂ ಆಫೀಸಿನ್ಯಾಗ ಮಾತಾಡಿದ್ದು ಇಲ್ಲಿ ಮಟ ಕೇಳ್ತಿತ್ರಿ ಅಕ್ಕೋರ. ನಾವs ನಿಮ್ಮಷ್ಟು ಗದ್ದಲ ಮಾಡಲಿಲ್ಲರಿ."

ಎರಡು ಪೆಟ್ಟು

ಬೆತ್ತ ಬೇಡ, ಕೂಗಾಟ ಬೇಡ, ಚಪ್ಪಾಳೆಯಿಂದ ಮಕ್ಕಳನ್ನು ಸುಮ್ಮನಾಗಿಸಬಹುದು ಎಂದು ಒಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಗುರುಗಳು ಎರಡು ಸಲ ಪಟ್ ಪಟ್ ಎಂದು ಚಪ್ಪಾಳೆ ತಟ್ಟಬೇಕು. ಮಕ್ಕಳು ಮೂರು ಸಲ ತಟ್ಟಿ ತುಟಿಯ ಮೇಲೆ ಬೆರಳಿಡಬೇಕು. ಒಂದೇ ವಾರದಲ್ಲಿ ನನ್ನ ಮಕ್ಕಳು ಇದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪಟ್ ಪಟ್ ಅಂದರೆ ಸಾಕು, ಸೊಳ್ಳೆ ಹಾರಿದರೂ ಕೇಳಿಸಬೇಕು.

ಅದೇ ಸಮಯಕ್ಕೆ ಒಂದು ವಿಚಿತ್ರ ಶುರುವಾಯಿತು. ಮಕ್ಕಳು ಎಂಟರ ಮಗ್ಗಿ ಹೇಳುತ್ತಾ ಹೇಳುತ್ತಾ ನಲವತ್ತಕ್ಕೆ ಬಂದವರು ತಟಕ್ಕನೆ ನಿಲ್ಲುವರು. ಮೂರು ಚಪ್ಪಾಳೆ ತಟ್ಟಿ ಬೆರಳನ್ನು ತುಟಿಗಿಟ್ಟು ಕೂರುವರು. ನಾನು ಚಪ್ಪಾಳೆ ಹೊಡೆದೇ ಇರಲಿಲ್ಲ! ಬೈದೆ. ಮತ್ತೆ ಶುರು ಮಾಡಿದರು. ಮತ್ತೆ ನಿಂತರು. ಮೂರು ದಿನ ಹೀಗೇ ಆಯಿತು. ಎಂಟೈದಲೇ ನಲವತ್ತರಿಂದ ಮುಂದಕ್ಕೆ ನನ್ನ ತರಗತಿ ದಾಟಲೇ ಇಲ್ಲ.

ನಾಲ್ಕನೇ ದಿನ ಕಿಟಕಿಯ ಹತ್ತಿರ ಹೋಗಿ ನಿಂತೆ. ಹೊರಗೆ ಬೇವಿನ ಮರದ ಕೆಳಗೆ ಶಾಲೆಯ ಸಮಿತಿಯ ಅಧ್ಯಕ್ಷರು ನಿಂತಿದ್ದರು. ಶಾಲೆ ಹೇಗೆ ನಡೆದಿದೆ ಎಂದು ನೋಡಲು ದಿನಾ ಹನ್ನೊಂದಕ್ಕೆ ಬರುವವರು. ಎಡಗೈಯಲ್ಲಿ ತಂಬಾಕು ಹಾಕಿಕೊಂಡು, ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ, ಕೊನೆಗೆ ಪುಡಿ ಹಾರಲೆಂದು ಅಂಗೈಗೆ ಎರಡು ಪೆಟ್ಟು ಹೊಡೆದರು, ಪಟ್ ಪಟ್!

ನನ್ನ ಬೆನ್ನ ಹಿಂದೆ ಇಪ್ಪತ್ತಾರು ಮಕ್ಕಳು ಚಟ್ ಚಟ್ ಚಟ್ ಎಂದು ತಟ್ಟಿ ಮೌನವಾದರು.

ಅಧ್ಯಕ್ಷರು ಬೆಚ್ಚಿ ಕಿಟಕಿಯ ಕಡೆ ನೋಡಿದರು. ಯಾಕೆ ಸುಮ್ಮನಾದರೆಂದು ಅವರಿಗೆ ಹೊಳೆಯಲಿಲ್ಲ. ಮತ್ತೆರಡು ಪೆಟ್ಟು ಹೊಡೆದರು. ಮತ್ತೆ ಮೂರು ಚಪ್ಪಾಳೆ ಬಂತು. ಅವರು ಕೈಯನ್ನೊಮ್ಮೆ ನೋಡಿಕೊಂಡರು, ಮಕ್ಕಳನ್ನೊಮ್ಮೆ ನೋಡಿದರು, ತಂಬಾಕನ್ನು ಬಾಯಿಗೆ ಹಾಕಿಕೊಳ್ಳದೆ ಅಂಗಿಯ ಜೇಬಿಗೆ ಸುರಿದುಕೊಂಡು ಹೊರಟೇಬಿಟ್ಟರು.

ತಿಂಗಳಾದ ಮೇಲೆ ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. "ಮೂವತ್ತು ವರ್ಷದಿಂದ ಬಿಡ್ರಿ ಬಿಡ್ರಿ ಅಂತ ಹೊಯ್ಕೊಂಡೆನ್ರಿ ಅಕ್ಕೋರ, ಬಿಡಲಿಲ್ಲ. ಈಗ ತಂಬಾಕ ತಿಕ್ಕಿದ್ರ ಸಣ್ಣ ಹುಡುಗ್ರು ಚಪ್ಪಾಳಿ ಬಡದು ಬಾಯಿ ಮುಚ್ಚಂತಾವು ಅಂತ ಹೇಳಿ ಬಿಟ್ಟಾರ. ನೀವು ಅವಕ್ಕ ಏನ್ ಕಲಿಸಿದ್ರಿ?"

"ಎಂಟರ ಮಗ್ಗಿ" ಎಂದೆ.

ಹಿಟ್ಟಿಲ್ಲದ ಅಕ್ಕೋರು

ಭಿನ್ನರಾಶಿಯನ್ನು ಕೇಕು ಕತ್ತರಿಸಿ ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮಕ್ಕಳು ದಿನಾ ತಿನ್ನುವುದು ಜೋಳದ ರೊಟ್ಟಿ. ಬೋರ್ಡಿನ ಮೇಲೆ ಗುಂಡಗೆ ದೊಡ್ಡ ರೊಟ್ಟಿ ಬರೆದು ಕೇಳಿದೆ. "ಒಂದೇ ರೊಟ್ಟಿ ಇದೆ. ನಾಲ್ಕು ಮಂದಿ ಇದ್ದಾರೆ. ಒಬ್ಬರಿಗೆ ಎಷ್ಟು?"

"ನಾಕು ಮಂದಿಗೆ ಒಂದ ರೊಟ್ಟಿ ಯಾರ್ ಬಡೀತಾರ್ರಿ ಅಕ್ಕೋರ?" ಎಂದಳು ಮಾನೀಟರ್. "ಇನ್ನ ಮೂರು ಬಡದ್ರ ಆತು."

"ಹಿಟ್ಟು ಮುಗಿದಿದೆ."

"ಬಾಜೂ ಮನ್ಯಾಗ ಇಸ್ಕೊಳ್ರಿ."

"ಅವರ ಮನೆಗೆ ಬೀಗ ಹಾಕಿದೆ."

"ಹಂಗಿದ್ರ ಅನ್ನ ಮಾಡ್ರಿ. ಅಕ್ಕಿಗೇನ್ ಬರ ಐತ್ರಿ ಇಲ್ಲಿ?" ಎಂದು ಇನ್ನೊಬ್ಬ. ಸುತ್ತ ಬತ್ತದ ಗದ್ದೆಯಿರುವ ಊರು, ಅವನ ಮಾತು ಸರಿಯೇ.

ನನಗೂ ಹಠ ಬಂತು. "ಅಕ್ಕಿಯೂ ಇಲ್ಲ! ಮನೆಯಲ್ಲಿ ಏನೂ ಇಲ್ಲ! ಇರುವುದು ಇದೊಂದೇ ರೊಟ್ಟಿ!" ಎಂದು ಬೋರ್ಡಿಗೆ ಗುದ್ದಿದೆ.

ತರಗತಿ ಗಂಭೀರವಾಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಠ ಈಗ ಮನಸ್ಸಿಗೆ ಇಳಿಯಿತು ಎಂದು ಖುಷಿಯಿಂದ ರೊಟ್ಟಿಯನ್ನು ನಾಲ್ಕು ಭಾಗ ಮಾಡಿ ಕಾಲು, ಅರ್ಧ, ಮುಕ್ಕಾಲು ಎಲ್ಲ ಹೇಳಿಕೊಟ್ಟೆ. ಎಲ್ಲರೂ ತಲೆಯಾಡಿಸಿದರು.

ಮರುದಿನ ಬೆಳಗ್ಗೆ ನನ್ನ ಮೇಜಿನ ಮೇಲೆ ಬಟ್ಟೆಯ ಗಂಟುಗಳು ಸಾಲಾಗಿ ಕೂತಿದ್ದವು. ಒಂದರಲ್ಲಿ ಎರಡು ರೊಟ್ಟಿ, ಒಂದರಲ್ಲಿ ಮೂರು, ಒಂದರಲ್ಲಿ ಪುಂಡಿಪಲ್ಯ, ಇನ್ನೊಂದರಲ್ಲಿ ಶೇಂಗಾ ಚಟ್ನಿ. ಬಾಗಿಲಲ್ಲಿ ಮೂವರು ತಾಯಂದಿರು ನಿಂತಿದ್ದರು. ಅವರಲ್ಲಿ ಹಿರಿಯಾಕೆ ತಗ್ಗಿದ ದನಿಯಲ್ಲಿ ಹೇಳಿದರು. "ಪರ ಊರಿಂದ ಬಂದು ಒಬ್ಬಾಕೆ ಇರತೀರಿ. ಮನ್ಯಾಗ ಹಿಟ್ಟಿಲ್ಲ, ಅಕ್ಕಿ ಇಲ್ಲ ಅಂತ ಮಕ್ಕಳ ಮುಂದ ಹೇಳಿ ಮೇಜು ಗುದ್ದಿದ್ರಂತ. ನಮಗ ಒಂದ್ ಮಾತು ಹೇಳಬಾರದೇನ್ರಿ?"

ಗುದ್ದಿದ್ದು ಮೇಜಲ್ಲ, ಬೋರ್ಡು ಎಂದು ತಿದ್ದಲು ಹೋದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೈ ಮುಗಿದು ಗಂಟುಗಳನ್ನು ಇಟ್ಟುಕೊಂಡೆ.

ಅವರು ಹೋದ ಮೇಲೆ ಇದನ್ನೇ ಲೆಕ್ಕ ಮಾಡೋಣವೆಂದು ರೊಟ್ಟಿ ಎಣಿಸಿದೆವು, ಹತ್ತೊಂಬತ್ತು. "ಹತ್ತೊಂಬತ್ತು ರೊಟ್ಟಿ ಇವೆ. ಹಂಚಿದರೆ ಒಬ್ಬರಿಗೆ ಎಷ್ಟು?" ಎಂದು ಕೇಳಿದೆ. ಇಪ್ಪತ್ತಾರು ಪಾಟಿಗಳು ಒಟ್ಟಿಗೆ ಮೇಲೆದ್ದವು. ಎಲ್ಲದರ ಮೇಲೂ ಒಂದೇ ಉತ್ತರ: "ಅಕ್ಕೋರಿಗೆ 19."

ಅಡೀಚ್ ಮತ್ತು ದೀಡ

"ಎರಡೂವರೆ ಮೀಟರ್ ಬಟ್ಟೆಗೆ ಒಂದೂವರೆ ಮೀಟರ್ ಬಟ್ಟೆ ಸೇರಿಸಿದರೆ ಎಷ್ಟು ಮೀಟರ್?"

ಯಾರಿಗೂ ಲೆಕ್ಕ ಹತ್ತಲಿಲ್ಲ. ಬೋರ್ಡಿನ ಮೇಲೆ ಬಟ್ಟೆ ಬರೆದೆ. ಕತ್ತರಿ ಬರೆದೆ. ಕೊನೆಗೆ ಮಾನೀಟರ್ ತಲೆ ಕೆರೆದುಕೊಂಡು, "ಅಕ್ಕೋರ, ಅಡೀಚ್‌ಕ ದೀಡ ಕೂಡಸಬೇಕೇನ್ರಿ?" ಎಂದಳು.

ನಾನು ಹಣೆ ಬಡಿದುಕೊಂಡೆ. ನಮ್ಮ ಕಡೆ ಎರಡೂವರೆಗೆ ಅಡೀಚ್, ಒಂದೂವರೆಗೆ ದೀಡ. ನಾನೂ ಚಿಕ್ಕಂದಿನಲ್ಲಿ ದೀಡ ಕಿಲೋ ಬೆಲ್ಲ ತಂದವಳೇ. ಪುಸ್ತಕ ಹಿಡಿದ ಮೇಲೆ ಮರೆತಿದ್ದೆ.

"ಹೌದೇ, ಅಡೀಚ್ ಮತ್ತು ದೀಡ!" ಎಂದೆ. ನಾನು ಬಾಯಿ ಮುಚ್ಚುವುದರೊಳಗೆ ಕೊನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ನಾಲ್ಕು ಬೆರಳು. ಗಾದಿ ಅಂಗಡಿಯ ಹುಡುಗಿ! ದಿನಾ ಅಂಗಡಿಯಲ್ಲಿ ಬಟ್ಟೆ ಅಳೆಯುವುದನ್ನು ನೋಡುವವಳು.

ನನಗೆ ಹುಚ್ಚು ಹಿಡಿದಂತಾಯಿತು. "ಅಡೀಚ್ ಮತ್ತು ಅಡೀಚ್?" ಐದು ಬೆರಳು. "ದೀಡ, ದೀಡ, ಇನ್ನೊಂದು ದೀಡ?" ಅವಳು ಒಂದು ಕೈಯಲ್ಲಿ ನಾಲ್ಕು ಬೆರಳು ತೋರಿಸಿ, ಇನ್ನೊಂದು ಕೈಯ ತೋರುಬೆರಳನ್ನು ಅರ್ಧಕ್ಕೆ ಮಡಚಿ ಹಿಡಿದಳು. ನಾಲ್ಕೂವರೆ! ಇಂಥ ಉತ್ತರವನ್ನು ನಾನು ಎಲ್ಲೂ ನೋಡಿರಲಿಲ್ಲ.

"ಇಪ್ಪತ್ತು ಅಡೀಚ್?" ಎಂದು ಕಿರುಚಿದೆ.

ಅವಳು ತನ್ನ ಹತ್ತು ಬೆರಳು ನೋಡಿಕೊಂಡಳು. ಸಾಲಲಿಲ್ಲ. ಎದ್ದು ನಿಂತು ಪಕ್ಕದವಳನ್ನು ಎಬ್ಬಿಸಿ ಅವಳ ಎರಡೂ ಕೈ ಮೇಲೆತ್ತಿಸಿದಳು. ಆಮೇಲೆ ಮುಂದಿನವನನ್ನು, ಅವನ ಮುಂದಿನವನನ್ನು, ಇನ್ನೊಬ್ಬಳನ್ನು. ತಾನೂ ಕೈ ಎತ್ತಿ ನಿಂತಳು. ಐದು ಮಕ್ಕಳು, ಹತ್ತು ಕೈ.

ಆ ಹೊತ್ತಿಗೆ ಸರಿಯಾಗಿ ಮುಖ್ಯೋಪಾಧ್ಯಾಯರು ವರಾಂಡದಲ್ಲಿ ಬಂದರು. ಕೈ ಎತ್ತಿ ನಿಂತ ಮಕ್ಕಳನ್ನು ನೋಡಿ ಗಾಬರಿಯಾದರು. "ಮೇಡಂ, ಮಕ್ಕಳಿಗೆ ಶಿಕ್ಷಾ ಕೊಡಬಾರದು ಅಂತ ಆರ್ಡರ್ ಐತ್ರಿ!"

"ಶಿಕ್ಷೆ ಅಲ್ಲ ಸರ್, ಇದು ಐವತ್ತು!" ಎಂದೆ.

ಬಾಯಿಗೆ ಗುಡಿಸು, ಕೈಗೆ ಎತ್ವ

ಬೆರಳು ಮಾತಾಡಿತು, ಬಾಯಿ ಆಡಲಿಲ್ಲ. ದಿನಗಳು ಹೋಗುತ್ತಿದ್ದವು. ಉಳಿದವರೆಲ್ಲ ಓದತೊಡಗಿದ್ದರು. ಬರೆಯುವಾಗ ಮಾತ್ರ ಒಂದು ತಕರಾರು. ನಮ್ಮ ಕಡೆ ಮನೆಗೆ ಮನಿ, ಶಾಲೆಗೆ ಸಾಲಿ, ಎಮ್ಮೆಗೆ ಎಮ್ಮಿ ಎನ್ನುತ್ತೇವಲ್ಲ, ಮಕ್ಕಳು ಆಡಿದಂತೆಯೇ ಬರೆಯುತ್ತಿದ್ದರು. ತಿದ್ದಿ ತಿದ್ದಿ ನನ್ನ ಕೆಂಪು ಪೆನ್ನು ಖಾಲಿಯಾಯಿತು.

ಒಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತಾ ನಿಂತಾಗ ಉಪಾಯ ಹೊಳೆಯಿತು. ಇಷ್ಟು ಸುಲಭದ್ದು ಇಷ್ಟು ವರ್ಷ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ನನ್ನ ಮೇಲೆಯೇ ಗೌರವ ಬಂತು. ಮರುದಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: "ಬಾಯಿಗೆ ಗುಡಿಸು ಬಂದರೆ ಕೈಗೆ ಎತ್ವ." ಪದದ ಕೊನೆಯಲ್ಲಿ 'ಇ' ಕೇಳಿಸಿದರೆ ಗುಡಿಸು ಬಿಡಿ, ಎತ್ವ ಹಾಕಿ 'ಎ' ಮಾಡಿ ಬರೆಯಿರಿ, ಅಷ್ಟೇ.

ಮನಿ ಹೋಗಿ ಮನೆ ಆಯಿತು. ಸಾಲಿ ಹೋಗಿ ಶಾಲೆ ಆಯಿತು. ಎಮ್ಮೆ, ಕತ್ತೆ, ಮಳೆ, ಬೆಳೆ, ಎಲ್ಲವೂ ಒಂದೇ ದಿನದಲ್ಲಿ ಸರಿಯಾದವು! ನಾನು ಸಂತೋಷದಿಂದ ಬೋರ್ಡಿನ ಮುಂದೆ ಒಂದು ಸುತ್ತು ತಿರುಗಿಯೂ ಬಿಟ್ಟೆ. ಮರುದಿನದಿಂದ ಮುನಿರಾಬಾದಿನಲ್ಲಿ ನನಗೆ ಮೂರು ದಿನದ ತರಬೇತಿ ಇತ್ತು. "ನಾನು ಬರುವುದರೊಳಗೆ ಎಲ್ಲರೂ 'ನಮ್ಮ ಮನೆ' ಎಂದು ಹತ್ತು ಸಾಲು ಬರೆದಿರಬೇಕು. ನಿಯಮ ಮರೆಯಬಾರದು" ಎಂದು ಹೇಳಿದೆ.

"ಎಲ್ಲಾದಕೂ ಎತ್ವ ಏನ್ರಿ?" ಎಂದಳು ಮಾನೀಟರ್.

"ಎಲ್ಲದಕ್ಕೂ!" ಎಂದು ಹೇಳಿ ಬಸ್ಸು ಹತ್ತಿದೆ. ಆ ಒಂದು ಮಾತನ್ನು ಬಾಯಿಗೆ ವಾಪಸು ಹಾಕಿಕೊಳ್ಳಲು ಈಗಲೂ ಆಸೆಯಾಗುತ್ತದೆ.

ಸಂಜೆಯ ಹಲ್ಲೆ

ತರಬೇತಿ ಮುಗಿಸಿ ಬಂದ ದಿನವೇ ಸಾಹೇಬರು ತಪಾಸಣೆಗೆ ಬಂದಿದ್ದರು. ನಾನು ಓಡುತ್ತಾ ತರಗತಿಗೆ ಬಂದರೆ ನಾನಿಲ್ಲದಾಗ ತರಗತಿ ನೋಡಿಕೊಂಡಿದ್ದ ಅತಿಥಿ ಶಿಕ್ಷಕಿ ಮಕ್ಕಳ ಹಾಳೆಗಳನ್ನೆಲ್ಲ ಗೋಡೆಗೆ ಅಂಟಿಸಿದ್ದಾಳೆ. ಇಪ್ಪತ್ತಾರು ಹಾಳೆ! ಗಾದಿ ಅಂಗಡಿಯ ಹುಡುಗಿಯೂ ಬರೆದಿದ್ದಾಳೆ, ತುಂಬಿದ ಹಾಳೆ, ಮುದ್ದಾದ ಅಕ್ಷರ. ಓದಲು ಪುರುಸೊತ್ತಿರಲಿಲ್ಲ. ಸಾಹೇಬರ ಕೈ ಹಿಡಿಯುವುದೊಂದು ಬಾಕಿ, ಅಷ್ಟು ಹುರುಪಿನಿಂದ ಅವರನ್ನು ಆ ಹಾಳೆಯ ಮುಂದೆಯೇ ನಿಲ್ಲಿಸಿದೆ. "ನೋಡಿ ಸರ್, ಮಾತಾಡದ ಮಗು ಎಂದು ಪಟ್ಟಿಯಲ್ಲಿ ಹೆಸರು ಬರೆದಿದ್ದಾರಲ್ಲ, ಅವಳು ಬರೆದದ್ದು."

ಸಾಹೇಬರು ಮೃದು ಸ್ವಭಾವದವರು. ಕನ್ನಡಕ ಹಾಕಿಕೊಂಡು ಜೋರಾಗಿಯೇ ಓದಿದರು.

"ನಮ್ಮ ಮನೆ ಸಣ್ಣದು. ನಮ್ಮ ಮನೆಯೊಳಗೆ ದಿನಾ ಸಂಜೆ ಹಲ್ಲೆ ಇರುತ್ತದೆ. ನಮ್ಮ ಅಬ್ಬಾಗೆ ಹಲ್ಲೆ ಎಂದರೆ ಭಯ. ಅವರು ಹಾಸಿಗೆ ಮೇಲೆ ನಿಲ್ಲುತ್ತಾರೆ. ಅಮ್ಮಾ ಕಸಬರಿಗೆ ತರುತ್ತಾಳೆ. ಅಬ್ಬಾ ಕೂಗುತ್ತಾರೆ. ಆಮೇಲೆ ಎಲ್ಲರೂ ಊಟ ಮಾಡುತ್ತೇವೆ. ನನಗೆ ಮಾತ್ರ ಹಲ್ಲೆ ಇಷ್ಟ."

ಸಾಹೇಬರು ಕನ್ನಡಕ ತೆಗೆದು ನನ್ನ ಕಡೆ ತಿರುಗಿ ಮೆಲ್ಲಗೆ, "ಈ ಕೂಸು ಯಾಕ ಮಾತಾಡಂಗಿಲ್ಲ ಅಂತ ಈಗ ತಿಳೀತ್ ನೋಡ್ರಿ ಮೇಡಂ" ಎಂದರು. ನನಗೂ ಕಣ್ಣು ತುಂಬಿ ಬಂತು. ಬುದ್ಧಿ ಇನ್ನೂ ಮುನಿರಾಬಾದಿನ ಬಸ್ಸಿನಲ್ಲೇ ಇತ್ತು.

ಹುಡುಗಿಯನ್ನು ಹತ್ತಿರ ಕರೆದು ಕೇಳಿದರು. ಅವಳು ತಲೆ ತಗ್ಗಿಸಿ ನಿಂತಳು. ಎದುರಿನ ಅಂಗಡಿಯಿಂದ ಅವಳ ತಂದೆಯನ್ನು ಕರೆಸಿದರು. ಸಣಕಲು ಮನುಷ್ಯ, ಮೈಮೇಲೆಲ್ಲ ಹತ್ತಿ, ಬಲಗೈಯ ಹೆಬ್ಬೆರಳಿಗೆ ದೊಡ್ಡ ಪಟ್ಟಿ. ಸಾಹೇಬರ ಕಣ್ಣು ಮೊದಲು ಹೋದದ್ದು ಆ ಪಟ್ಟಿಯ ಮೇಲೆಯೇ.

"ಇದೇನಾತ್ರಿ?"

"ಗಾದಿ ಹೊಲಿಯೂ ದಬ್ಬಣ ಚುಚ್ಚಿತ್ರಿ ಸಾಹೇಬ್ರ."

"ಎಲ್ಲಾರೂ ಹಿಂಗs ಹೇಳ್ತಾರ" ಎಂದು ಸಾಹೇಬರು ನಿಟ್ಟುಸಿರಿಟ್ಟು ಅವರನ್ನು ಕುರ್ಚಿಯಲ್ಲಿ ಕೂರಿಸಿದರು. "ಹೆದರಬ್ಯಾಡ್ರಿ. ನಾವು ಅದೀವಿ. ಮನ್ಯಾಗ ಹಲ್ಲೆ ಎಷ್ಟು ದಿನದಿಂದ ಐತಿ?"

ಕಲಿತವರು ಮನಿಗೆ ಮನೆ ಎನ್ನುವಂತೆ ಹಲ್ಲಿಗೂ ಹಲ್ಲೆ ಎನ್ನುತ್ತಾರೆಂದು ಆ ಮನುಷ್ಯ ತಿಳಿದುಕೊಂಡರೆಂದು ಕಾಣುತ್ತದೆ. ನಾಚಿಕೆಯಿಂದ ಹೇಳಿದರು. "ಮನಿ ಕಟ್ಟಿದಾಗಿಂದ ಐತ್ರಿ."

"ದಿನಾನೂ?"

"ಥಂಡ್ಯಾಗ ಕಡಿಮಿರಿ. ಬ್ಯಾಸಗಿ ಬಂತಂದ್ರ ಜಾಸ್ತಿರಿ."

"ನಿಮ್ಮ ಮನಿಯವರು ಕಸಬರಿಗಿ ತಗೊಳ್ಳೂದು ಖರೇನ?"

"ಆಕಿಗಿ ಧೈರ್ಯ ಭಾಳ್ರಿ ಸಾಹೇಬ್ರ. ನನಗs ಮೊದಲಿಂದ ಅಂಜಿಕಿ. ಹಾಸಿಗಿ ಮ್ಯಾಲ ಹತ್ತಿ ನಿಂದರತೀನ್ರಿ."

"ನೀವು ಯಾರಿಗೂ ಹೇಳಲಿಲ್ಲೇನ್ರಿ ಇಷ್ಟು ವರ್ಷ?"

"ಹೇಳೂದೇನೈತ್ರಿ ಇದರಾಗ? ಎಲ್ಲಾರ ಮನ್ಯಾಗೂ ಇರೂದ ಅಲ್ರಿ?" ಎಂದ ಆ ಮನುಷ್ಯ ಸಾಹೇಬರನ್ನೇ ಕೇಳಿದರು. "ನಿಮ್ಮ ಮನ್ಯಾಗ ಇಲ್ಲೇನ್ರಿ?"

ಸಾಹೇಬರ ಮುಖ ಕೆಂಪಾಯಿತು. ಮುಖ್ಯೋಪಾಧ್ಯಾಯರು ಕಿಟಕಿಯಿಂದ ಹೊರಗೆ ನೋಡಿದರು. ನಾನು ಎತ್ತ ನೋಡುವುದೆಂದು ತಿಳಿಯದೆ ಗೋಡೆಯ ಕಡೆ ತಿರುಗಿದೆ. ಪಕ್ಕದ ಹಾಳೆ ಕಣ್ಣಿಗೆ ಬಿತ್ತು. "ನಮ್ಮ ಅಜ್ಜೆ ಒಂದು ಕೋಳೆ ಸಾಕಿದ್ದಾಳೆ. ಅದು ದಿನಾ ಒಂದು ತತ್ತೆ ಇಡುತ್ತದೆ."

ಅಜ್ಜೆ. ಕೋಳೆ. ತತ್ತೆ. ನನ್ನ ಬುದ್ಧಿ ಆಗ ಬಸ್ಸಿಳಿದು ತರಗತಿಗೆ ಬಂತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಸಾಹೇಬರು ಮುಖ್ಯೋಪಾಧ್ಯಾಯರಿಗೆ, "ಇವರ ಮನಿಯವರನ್ನ ಕರಸ್ರಿ" ಎಂದರು.

"ಅದು ಹಲ್ಲಿ ರಿ!"

ಯಾರು ಅಂದದ್ದೆಂದು ಎಲ್ಲರೂ ಸುತ್ತ ನೋಡಿದೆವು. ಗಾದಿ ಅಂಗಡಿಯ ಹುಡುಗಿ ಎರಡೂ ಕೈ ಮುಷ್ಟಿ ಮಾಡಿಕೊಂಡು ನಿಂತಿದ್ದಳು.

"ಸಾಹೇಬ್ರ, ಅದು ಹಲ್ಲಿ ರಿ! ಗೋಡಿ ಮ್ಯಾಲ ಲೊಚ್ ಲೊಚ್ ಅಂತೈತಲ್ಲರಿ, ಆ ಹಲ್ಲಿ! ನಮ್ಮ ಅಮ್ಮಾ ಯಾರನ್ನೂ ಹೊಡಿಯಂಗಿಲ್ಲರಿ, ಹಲ್ಲಿ ಓಡಸ್ತಾಳ್ರಿ! ನಾ ಮೊದಲ ಗುಡಿಸs ಬರದಿದ್ನಿ. ಅಕ್ಕೋರs ಎಲ್ಲಾದಕೂ ಎತ್ವ ಹಾಕ್ರಿ ಅಂದ್ರು!"

ಆಮೇಲೆ ಇಡೀ ಕೋಣೆ ನಕ್ಕಿತು. ಮಕ್ಕಳು, ಸಾಹೇಬರು, ಮುಖ್ಯೋಪಾಧ್ಯಾಯರು, ಕುರ್ಚಿಯಲ್ಲಿದ್ದ ತಂದೆ, ಎಲ್ಲರೂ. ನನಗೆ ಮಾತ್ರ ಜೀವ ಬಾಯಿಗೆ ಬಂತು. ಇಂಥದೇ ನಗುವಿಗೆ ಅವಳು ಒಂದನೇ ತರಗತಿಯಲ್ಲಿ ಬಾಯಿ ಮುಚ್ಚಿದ್ದಳು. ಅವಳು ಗಾಬರಿಯಿಂದ ಸುತ್ತಲೂ ನೋಡಿದಳು. ಎಲ್ಲರೂ ನನ್ನ ಕಡೆ ಬೆರಳು ಮಾಡಿ ನಗುತ್ತಿದ್ದರು. ಈ ಸಲ ನಗೆಗೀಡಾದವಳು ತಾನಲ್ಲ, ಅಕ್ಕೋರು ಎಂದು ತಿಳಿದ ಮೇಲೆ ಅವಳೂ ನಕ್ಕಳು. ಅಷ್ಟು ಜೋರಾಗಿ ಬೇರಾರೂ ನಗಲಿಲ್ಲ. ಅವತ್ತು ನನ್ನನ್ನು ನೋಡಿ ಇನ್ನೂ ನೂರು ಮಂದಿ ನಕ್ಕಿದ್ದರೂ ನನಗೆ ಸಂತೋಷವೇ ಆಗುತ್ತಿತ್ತು.

ಸಾಹೇಬರು ಕಣ್ಣೊರೆಸಿಕೊಂಡು ಹಾಳೆಯನ್ನು ಗೋಡೆಯಿಂದ ಕಿತ್ತು ಅವಳ ಕೈಗೆ ಕೊಟ್ಟರು. "ಈಗ ನೀನs ಸರಿ ಮಾಡಿ ಓದಿಬಿಡಮ್ಮಾ." ಅವಳು ಓದಿದಳು. ಮೊದಲಿನಿಂದ ಕೊನೆಯವರೆಗೆ, ಒಂದು ಕಡೆಯೂ ನಿಲ್ಲದೆ. ಹಲ್ಲಿ ಬಂದಲ್ಲೆಲ್ಲ 'ಲ್ಲಿ'ಯನ್ನು ಒತ್ತಿ ಒತ್ತಿ ಹೇಳುತ್ತಾ, ಪ್ರತಿ ಸಲವೂ ನನ್ನನ್ನು ಓರೆಗಣ್ಣಿನಿಂದ ನೋಡುತ್ತಾ. ಇಪ್ಪತ್ತಾರು! ಮುಖ್ಯೋಪಾಧ್ಯಾಯರು ಕಪಾಟಿನಿಂದ ಪಟ್ಟಿ ತಂದು, ನನ್ನೆದುರಿಗೇ ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಹೋಗುವ ಮೊದಲು ಸಾಹೇಬರು ಶಾಲೆಯ ಸಂದರ್ಶನ ಪುಸ್ತಕ ತೆರೆದು ಪೆನ್ನು ಹಿಡಿದವರು ಅರ್ಧಕ್ಕೆ ನಿಲ್ಲಿಸಿ, "ಇದಕ್ಕ ಗುಡಿಸೋ ಎತ್ವನೋ?" ಎಂದು ನನ್ನನ್ನು ಬಿಟ್ಟು ಅವಳನ್ನು ಕೇಳಿದರು. ಅವಳು ಹೇಳಿದಂತೆಯೇ ಬರೆದರು. ಆ ಸಾಲು ಇವತ್ತಿಗೂ ಆ ಪುಸ್ತಕದಲ್ಲಿದೆ: "ಮೂರನೇ ತರಗತಿಯನ್ನು ಪರಿಶೀಲಿಸಲಾಯಿತು. ಹಲ್ಲಿ ಇದೆ. ಹಲ್ಲೆ ಇಲ್ಲ."

ಮರುದಿನ ನಾನು ತರಗತಿಗೆ ಬಂದಾಗ ಬೋರ್ಡಿನ ಮೇಲೆ "ಮಾತಾಡಿದವರು" ಎಂಬುದರ ಕೆಳಗೆ ಒಂದೇ ಹೆಸರಿತ್ತು, ಗಾದಿ ಅಂಗಡಿಯ ಹುಡುಗಿಯದು. ಅದರ ಕೆಳಗೆ ಮೂರು ಗೆರೆ ಎಳೆದಿತ್ತು. ಮಾನೀಟರ್ ಸಿಟ್ಟಿನಿಂದ ಕೆಂಪಾಗಿದ್ದಳು.

"ಮುಂಜಾನಿಂದ ಹಲ್ಲಿ ಕತಿ ಹೇಳಾಕ ಹತ್ಯಾಳ್ರಿ ಅಕ್ಕೋರ! ನಿಲ್ಲಸವಲ್ಲಳು! ಬೇರೆ ಯಾರಿಗೂ ಮಾತಾಡಾಕ ಬಿಡವಲ್ಲಳು!"

ನಾನು ಎರಡು ಚಪ್ಪಾಳೆ ತಟ್ಟಿದೆ. ಇಪ್ಪತ್ತೈದು ಮಕ್ಕಳು ಮೂರು ಸಲ ತಟ್ಟಿ ತುಟಿಗೆ ಬೆರಳಿಟ್ಟು ಸುಮ್ಮನಾದರು.

"...ಆಮ್ಯಾಲ ಏನಾತಂದ್ರ," ಎಂದಿತು ಕೊನೆಯ ಸಾಲು, "ಸಾಹೇಬ್ರು ಅಕ್ಕೋರ ಮಾರಿ ನೋಡಿದ್ರು..."